ಮಾಸ್ತಪ್ಪ ಭಾವನ ಎರಡೂವರೆ ಅಡಿ ದಾರಿ

ನನ್ನ ಭಾವ ಮಾಸ್ತಪ್ಪ ನಾಯ್ಕರ ಮನೆಗೆ ಹೋಗುವವರು ಎರಡು ವಿಷಯ ತಿಳಿದುಕೊಂಡು ಹೋಗುವುದು ಒಳ್ಳೆಯದು. ಹೊಟ್ಟೆ ತುಂಬ ಉಂಡು ಹೋಗಬಾರದು, ಹೋದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತೀರಿ. ಮತ್ತೆ, ಒಳಗೆ ಹೋಗುವಾಗ ಮುಖ ಯಾವ ಕಡೆ ಇತ್ತೋ ಹೊರಗೆ ಬರುವಾಗಲೂ ಅದೇ ಕಡೆ ಇರುತ್ತದೆ. ತಿರುಗಲು ಜಾಗವಿಲ್ಲ. ದೇವರಿಗೆ ಬೆನ್ನು ತೋರಿಸದೆ ಗರ್ಭಗುಡಿಯಿಂದ ಹೊರಬರುವ ಭಟ್ಟರ ಹಾಗೆ ಹಿಂದೆ ಹಿಂದೆಯೇ ಬರಬೇಕು.

ನನಗೀಗ ಐವತ್ಮೂರು. ಹೊನ್ನಾವರದ ಒಂದು ಸೊಸೈಟಿಯಲ್ಲಿ ಗುಮಾಸ್ತ. ಕುಳಿತು ಮಾಡುವ ಕೆಲಸ, ಅದರ ಫಲ ಸೊಂಟದ ಸುತ್ತ ಕಾಣುತ್ತದೆ. ಒಮ್ಮೆ ಭಾವನ ಮನೆಯಲ್ಲಿ ಕೆಟ್ಟ ಮಿಕ್ಸರುಗಳ ರಾಶಿಗೂ ಹಳೇ ಕಿಟಕಿ ಚೌಕಟ್ಟುಗಳ ರಾಶಿಗೂ ನಡುವೆ ಕಾಲು ಗಂಟೆ ಸಿಕ್ಕಿಕೊಂಡು ನಿಂತಿದ್ದೆ. ಅಕ್ಕ ಗಣಪಿ ಗಾಬರಿಯಾಗಲಿಲ್ಲ. ಅಲ್ಲಿಗೇ ಚಾ ತಂದು ಕೊಟ್ಟಳು. "ಕುಡಿ, ಉಸಿರು ಬಿಟ್ಟ ಕೂಡ್ಲೆ ಜಾರಿಕೊಳ್ತೆ," ಅಂದಳು. ಹಾಗೇ ಆಯಿತು.

ಮನೆ ಇರುವುದು ಮಂಕಿಯಲ್ಲಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ. ಭಾವ ಮೂವತ್ನಾಲ್ಕು ವರ್ಷ ಕರೆಂಟಿನ ಲೈನ್‌ಮನ್ ಆಗಿದ್ದವರು. ಐದು ವರ್ಷದ ಹಿಂದೆ ನಿವೃತ್ತರಾದರು. ಭಟ್ಕಳದಿಂದ ಹೊನ್ನಾವರದವರೆಗೆ ಅವರು ಹತ್ತದ ಕಂಬ ಇಲ್ಲ, ಕಡಿಯದ ಕೊಂಬೆ ಇಲ್ಲ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವ ಕೆಲಸ ಬಂತೆಂದರೆ ಭಾವನಿಗೆ ಬಂಧು ಬಳಗ ಎಲ್ಲ ಮರೆತುಹೋಗುತ್ತಿತ್ತು. ಅಕ್ಕನನ್ನು ಮದುವೆಯಾದ ಮರುವರ್ಷವೇ ಬೆಳಕೆಯ ನಮ್ಮ ಮನೆಗೆ ಕತ್ತಿ ಹಿಡಿದು ಬಂದರು. ಅಳಿಯ ಬಂದನೆಂದು ನನ್ನ ಅಮ್ಮ ಕೋಳಿ ಹಿಡಿಯಲು ಓಡಿದರೆ ಅಳಿಯ ಅಂಗಳದ ಮಾವಿನ ಮರ ಹತ್ತಿ ಕೂತಿದ್ದ.

"ಅಯ್ಯೋ, ಅದು ಉಪ್ಪಿನಕಾಯಿ ಮಾವು! ಅದ್ರಲ್ಲಿ ಕಾಯಿ ಅದೆ!"

"ಲೈನಿಗೆ ತಾಗ್ತದೆ, ಅತ್ತೆ."

"ಒಂದು ತಿಂಗಳು ತಡಿಯೋ ಮಾರಾಯ, ಕಾಯಿ ಇಳಿಸ್ಕೊಳ್ತೆ."

"ಮಳೆ ತಡೀತದಾ?"

ಕೊಂಬೆ ದಢಾರನೆ ಬಿತ್ತು. ಭಾವ ಇಳಿದು ಕೈ ತೊಳೆದು, ಬಿದ್ದ ಕೊಂಬೆಯ ಕಡೆ ತಿರುಗಿಯೂ ನೋಡದೆ ಹೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ: "ಲೈನು ಇಲಾಖೆದು. ಕಡಿದ ಕೊಂಬೆ ಮನೆಯವರದ್ದು. ಎಂತ ಬೇಕಾದ್ರೂ ಮಾಡಿಕೊಳ್ಳಿ." ಅಮ್ಮ ಆ ವರ್ಷ ಉಪ್ಪಿನಕಾಯಿ ಹಾಕಿದಳು, ಅಳಿಯನಿಗೆ ಮಾತ್ರ ಬಡಿಸಲಿಲ್ಲ.

ಲೈನ್‌ಮನ್ನರಿಗೆ ಇನ್ನೊಂದು ಕಟ್ಟುಪಾಡು ಉಂಟು. ಕಂಬ ಹತ್ತುವ ಮೊದಲು ಕರೆಂಟಿನ ಸ್ಟೇಷನ್ನಿನಿಂದ 'ಎಲ್‌ಸಿ' ತೆಗೆದುಕೊಳ್ಳಬೇಕು. ಅಂದರೆ ಲೈನಿನಲ್ಲಿ ಕರೆಂಟ್ ಬಂದ್ ಮಾಡಿಸಿಕೊಳ್ಳುವ ಅಪ್ಪಣೆ. ಕೆಲಸ ಮುಗಿಸಿ ಇಳಿದು, ತೆಗೆದುಕೊಂಡವನೇ ಬಾಯಿಂದ 'ಎಲ್‌ಸಿ ವಾಪಸ್' ಎನ್ನುವ ತನಕ ಯಾರೇ ಹೇಳಿದರೂ ಕರೆಂಟ್ ಬಿಡುವ ಹಾಗಿಲ್ಲ. ಭಾವ ಅದನ್ನು ವಾಪಸ್ ಕೊಟ್ಟ ಕೂಡಲೇ ಮನೆಗೂ ಒಂದು ಫೋನ್ ಮಾಡುತ್ತಿದ್ದರು: "ಎಲ್‌ಸಿ ವಾಪಸ್ ಕೊಟ್ಟೆ." ಅಷ್ಟೇ. ಅಕ್ಕ ಆಮೇಲೆ ಅನ್ನಕ್ಕೆ ಇಡುತ್ತಿದ್ದಳು. ಅದಕ್ಕೆ ಮೊದಲು ಒಲೆ ಹಚ್ಚಿದ್ದನ್ನು ನಾನು ಕಂಡಿಲ್ಲ.

ಅತ್ತೆಯ ಮಾವಿನ ಮರಕ್ಕೆ ಮರುಗದ ಈ ಮನುಷ್ಯನಿಗೆ ಒಂದು ಖಾಲಿ ಹಾಲಿನ ಪ್ಯಾಕೆಟ್ ಬಿಸಾಡಲು ಧೈರ್ಯ ಬರುತ್ತಿರಲಿಲ್ಲ.

ಶುರುವಾದದ್ದು ಇಪ್ಪತ್ತೆಂಟು ವರ್ಷದ ಹಿಂದೆ, ಒಂದು ಮದುವೆಯಲ್ಲಿ. ಮಂಕಿಯ ಯಾರದೋ ಮನೆ. ಹೆಣ್ಣು ಗಂಡು ಹಸೆಯ ಮೇಲೆ, ಪುರೋಹಿತರ ಬಾಯಲ್ಲಿ ಮಂತ್ರ, ಅಷ್ಟರಲ್ಲಿ ಫ್ಯೂಸ್ ಸುಟ್ಟು ಫ್ಯಾನು ಮೈಕು ಎಲ್ಲ ಬಂದ್. ಭಾವ ಮನೆಗೆ ಓಡಿ, ಎಲ್ಲಿಂದಲೋ ಕಳಚಿ ತಂದು ಇಟ್ಟಿದ್ದ ಹಳೇ ಮರದ ಮೀಟರ್ ಪೆಟ್ಟಿಗೆಯಿಂದ ಒಂದು ಪಿಂಗಾಣಿ ಫ್ಯೂಸ್ ಕಿತ್ತು ತಂದು ಹಾಕಿದರು. ಫ್ಯಾನ್ ತಿರುಗಿತು. ಹೆಣ್ಣಿನ ಅಪ್ಪ ಭಾವನ ಎರಡೂ ಕೈ ಹಿಡಿದು, "ಮಾಸ್ತಪ್ಪ, ನೀ ಇದನ್ನ ಇಟ್ಟುಕೊಂಡಿದ್ದಕ್ಕೆ ನಮ್ಮ ಮರ್ಯಾದೆ ಉಳೀತು," ಅಂದರಂತೆ. ಆ ಪುಣ್ಯಾತ್ಮ ಅಷ್ಟು ಹೇಳಿ ಊಟಕ್ಕೆ ಹೋದರು. ಅದರ ಫಲ ನನ್ನ ಅಕ್ಕ ಇಪ್ಪತ್ತೆಂಟು ವರ್ಷ ಉಂಡಳು.

ಅಂದಿನಿಂದ ಭಾವನ ಬಾಯಲ್ಲಿ ಒಂದೇ ಮಾತು: "ಬೇಕಾಗ್ತದೆ." ಸುಟ್ಟ ಬಲ್ಬು ಬೇಕಾಗುತ್ತದೆ. ಕುಕ್ಕರಿನ ಹರಿದ ಗ್ಯಾಸ್ಕೆಟ್ ಬೇಕಾಗುತ್ತದೆ. ಕೊಡೆಯ ಕಡ್ಡಿ, ಮದುವೆ ಕಾಗದ, ಮೀನಿನ ಥರ್ಮಾಕೋಲ್ ಪೆಟ್ಟಿಗೆ, ಭಟ್ಕಳದ ಅಂಗಡಿಗಳಲ್ಲಿ ಸಿಗುವ ಗಲ್ಫ್ ಬಿಸ್ಕತ್ತಿನ ಡಬ್ಬ, ಪ್ಲಾಸ್ಟಿಕ್ ಚೀಲಗಳು, ಆ ಚೀಲಗಳನ್ನು ತುಂಬಿಡಲು ಚೀಲಗಳು. ಬೆಳಿಗ್ಗೆ ಸಮುದ್ರದ ದಂಡೆಗೆ ಹೋದರೆ ತೆರೆ ತಂದು ಹಾಕಿದ ಒಂಟಿ ಚಪ್ಪಲಿಗಳನ್ನು ಆರಿಸಿಕೊಂಡು ಬರುತ್ತಿದ್ದರು.

"ಒಂದೇ ಚಪ್ಪಲಿ ಎಂತಕ್ಕೆ ಭಾವ?" ಎಂದು ನಾನೇ ಕೇಳಿದ್ದೆ.

"ಇನ್ನೊಂದು ನಾಳೆ ಬಂದ್ರೆ? ಇದನ್ನ ಬಿಸಾಡಿದ್ದಕ್ಕೆ ಹೊಟ್ಟೆ ಉರಿಯೂದಿಲ್ವಾ?"

ನಲವತ್ತಾರು ಎಡಗಾಲಿನವು, ಮೂವತ್ತೊಂದು ಬಲಗಾಲಿನವು ಇದ್ದವು. ಜೋಡಿ ಒಂದೂ ಆಗಲಿಲ್ಲ. ಅರಬ್ಬೀ ಸಮುದ್ರಕ್ಕೆ ಭಾವನ ಮೇಲೆ ಎಂತ ಸಿಟ್ಟೋ ಗೊತ್ತಿಲ್ಲ.

ಇಷ್ಟಾದರೂ ಆಗ ಮನೆಯಲ್ಲಿ ನೆಲ ಕಾಣುತ್ತಿತ್ತು. ನಮ್ಮ ದುರದೃಷ್ಟಕ್ಕೆ ಹೆದ್ದಾರಿ ಅಗಲ ಮಾಡುವ ಕೆಲಸ ಬಂತು. ಭಟ್ಕಳದಿಂದ ಕುಮಟೆಯವರೆಗೆ ರಸ್ತೆ ಬದಿಯ ಮನೆ, ಅಂಗಡಿ, ಗೂಡಂಗಡಿ ಒಡೆದ ಕಾಲ. ಊರೆಲ್ಲ ತನ್ನ ಜಾಗ ಹೋಯಿತೆಂದು ಅಳುತ್ತಿದ್ದರೆ ಭಾವ ಬೈಕಿನ ಹಿಂದೆ ಹಗ್ಗ ಕಟ್ಟಿಕೊಂಡು ಹೊರಟರು. ಬಾಗಿಲು, ದಾರಂದ, ಹಂಚು, ಕಿಟಕಿ ಸರಳು, ಬೋರ್ಡುಗಳು. ಹಾಗಾಗಿ ಅಕ್ಕನ ಮನೆಯ ಬಾಗಿಲ ಪಕ್ಕದ ಗೋಡೆಗೆ 'ಇಲ್ಲಿ ಪಂಕ್ಚರ್ ತಿದ್ದಲಾಗುವುದು', ದೇವರ ಮೂಲೆಯ ಹತ್ತಿರ 'ಕಟಿಂಗ್, ಶೇವಿಂಗ್', ಮಲಗುವ ಕೋಣೆಯಲ್ಲಿ 'ಉದ್ರಿ ಕೇಳಬೇಡಿ'. ಆ ಬೋರ್ಡುಗಳ ಯಜಮಾನರು ಕೆಲವರು ಆಮೇಲೆ ಬಂದು, ತಮ್ಮ ಹೆಸರು ನೋಡಿ, ಕಣ್ಣೊರೆಸಿಕೊಂಡು ಹೋದದ್ದೂ ಉಂಟು. ಅದು ಭಾವನಿಗೆ ಇನ್ನೊಂದು ಪಿಂಗಾಣಿ ಫ್ಯೂಸ್ ಸಿಕ್ಕಿದ ಹಾಗಾಯಿತು.

ಆಗ ಶುರುವಾಯಿತು ಅಕ್ಕನ ವನವಾಸ. ಮೊದಲು ಹಾಲ್ ಹೋಯಿತು, ಆಮೇಲೆ ಕೋಣೆ, ಆಮೇಲೆ ಮಂಚದ ಅರ್ಧ. ಗ್ಯಾಸಿನವನು ಸಿಲಿಂಡರನ್ನು ಗೇಟಿನಲ್ಲೇ ಇಟ್ಟು ಹೋಗುತ್ತಿದ್ದ. ಬಂದವರಿಗೆ ಜಗುಲಿಯ ಮೆಟ್ಟಿಲ ಮೇಲೇ ಚಾ. ಬರುಬರುತ್ತ ಅಕ್ಕ ಯಾರನ್ನೂ ಕರೆಯುವುದನ್ನೇ ಬಿಟ್ಟಳು. ಕರೆಯದವಳನ್ನು ಯಾರು ಕರೆಯುತ್ತಾರೆ? ಮಗಳು ಸುಪ್ರಿಯಾಳನ್ನು ನೋಡಲು ಕುಮಟೆಯಿಂದ ಗಂಡಿನ ಕಡೆಯವರು ಬರುತ್ತೇವೆಂದಾಗ ಅಕ್ಕ ಹೊನ್ನಾವರದ ನಮ್ಮ ಮನೆಯಲ್ಲೇ ಹೆಣ್ಣು ತೋರಿಸಿದಳು. ಇದೇ ತಮ್ಮ ಮನೆ ಅಂದಳು. ನಾನು ಆ ದಿನ ನನ್ನ ಮನೆಯಲ್ಲೇ ನೆಂಟನಾಗಿ ಕೂತು ಅವಲಕ್ಕಿ ತಿಂದೆ. ಬೀಗರು ಎರಡು ವರ್ಷ ದೀಪಾವಳಿಗೆ ನಮ್ಮ ಮನೆಗೇ ಬಂದು ಭಾವ ಎಲ್ಲಿ ಎಂದು ಕೇಳುತ್ತಿದ್ದರು. ಈಗ ನಗುತ್ತೇವೆ. ಆ ದಿನ ಅಕ್ಕ ನಮ್ಮ ಬಚ್ಚಲಿಗೆ ಹೋಗಿ ಮುಖ ತೊಳೆದು ಬರಲು ತುಂಬ ಹೊತ್ತು ತೆಗೆದುಕೊಂಡಿದ್ದಳು.

ಎಲ್ಲಕ್ಕಿಂತ ಮೇಲಿನ ತಮಾಷೆ ಒಂದಿದೆ. ಮೀಟರ್ ಓದಲು ಬರುವವನಿಗೆ ನಿವೃತ್ತ ಲೈನ್‌ಮನ್ನನ ಮನೆಯ ಮೀಟರ್ ಕಾಣುತ್ತಿರಲಿಲ್ಲ. ಮನೆಯಲ್ಲಿ ಜನ ಇರುವಾಗಲೇ 'ಬಾಗಿಲು ಹಾಕಿದೆ' ಎಂದು ಬಿಲ್ಲು ಬರುತ್ತಿತ್ತು.

ಹೋದ ವರ್ಷ ಆಷಾಢದಲ್ಲಿ ಅಕ್ಕ ಬಿದ್ದಳು. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕೊಡೆಯ ಕಡ್ಡಿಗಳ ಕಟ್ಟು ಕಾಲಿಗೆ ತೊಡರಿ, ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸಿನವರು ಸ್ಟ್ರೆಚರ್ ಒಳಗೆ ತರಲಾಗದೆ, ಅಲ್ಲೇ ಇದ್ದ ಒಂದು ಬಾಗಿಲ ಹಲಗೆಯ ಮೇಲೆ ಅವಳನ್ನು ಮಲಗಿಸಿ, ಎತ್ತಿ ಎತ್ತಿ ಹೊರಗೆ ತಂದರು. ಆ ಗಡಿಬಿಡಿಯಲ್ಲೂ ಭಾವ ನನ್ನ ಕಿವಿಯಲ್ಲಿ, "ಕಂಡ್ಯಾ, ಹಲಗೆ ಬೇಕಾತು," ಅಂದರು. ಜೀವನದಲ್ಲಿ ಮೊದಲ ಸಲ ನನಗೆ ಭಾವನನ್ನು ಹೊಡೆಯಬೇಕು ಅನ್ನಿಸಿತು. ಕೈ ಎತ್ತಲು ಜಾಗ ಇರಲಿಲ್ಲ.

ಆಪರೇಷನ್ ಆಯಿತು. ಮೂರು ತಿಂಗಳು ವಾಕರ್ ಹಿಡಿದೇ ನಡೆಯಬೇಕು, ಇನ್ನೊಮ್ಮೆ ಬಿದ್ದರೆ ಕಷ್ಟ ಅಂದರು. ಸುಪ್ರಿಯಾ ಕುಮಟೆಯಲ್ಲಿ ಹೈಸ್ಕೂಲ್ ಟೀಚರ್. ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ವಾರ ಬಿಟ್ಟು ನೋಡಲು ಹೋದರೆ ಅಕ್ಕ ಖುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದಳು.

"ಎಂತ ನೋಡ್ತೆ ಅಕ್ಕ?"

"ನೆಲ. ಎಷ್ಟು ಚೆಂದ ಅದೆ ನೋಡು ವಿಶು. ಈ ಗೋಡೆಯಿಂದ ಆ ಗೋಡೆ ತನಕ ಬರೀ ನೆಲ."

ನಾನು ಇನ್ನೊಂದು ಖುರ್ಚಿ ಎಳೆದು ಕೂತೆ. "ಮನೆಗೆ ಯಾವಾಗ ಬರ್ತೆ?"

"ವಾಕರ್ ಹೋಗೋ ದಾರಿ ಆದ ದಿನ. ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ." ಎರಡೂ ಕೈ ಅಗಲಿಸಿ ತೋರಿಸಿದಳು. "ಎರಡೂವರೆ ಅಡಿ. ಅದು ಆಗದಿದ್ರೆ ನಾ ಬರೂದಿಲ್ಲ. ಅವರಿಗೆ ಹೇಳು."

ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಬಟ್ಟೆ ಮಡಚುತ್ತ ಹೇಳಿದಳು.

ಭಾವನಿಗೆ ಹೇಳಿದೆ. ತಲೆ ಆಡಿಸಿದರು. ದಿನ ಬಿಟ್ಟು ದಿನ ಕುಮಟೆಗೆ ಬಸ್ಸು ಹತ್ತುತ್ತಿದ್ದರು; ಅಕ್ಕನಿಗೆ ಬೇಕಾಗುತ್ತದೆಂದು ಪ್ರತಿ ಸಲ ಒಂದೊಂದು ವಸ್ತು. ಒಂದು ಸಲ ಶಾಲೆಯ ಗಂಟೆ. ಯಾರನ್ನಾದರೂ ಕರೆಯಬೇಕಾದರೆ ಹೊಡೆಯಲು. ಸುಪ್ರಿಯಾ ಬಾಗಿಲಲ್ಲೇ ಅಪ್ಪನ ಚೀಲ ತಪಾಸಣೆ ಮಾಡಿ ಒಳಗೆ ಬಿಡಲು ಶುರು ಮಾಡಿದಳು.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ನನ್ನ ಬುದ್ಧಿವಂತಿಕೆಗಳ ಪಟ್ಟಿ ನನ್ನ ಹೆಂಡತಿ ಅಮಿತಾಳ ಬಳಿ ಇದೆ; ಇದು ಅದರಲ್ಲಿ ಮೊದಲನೆಯದು. ಭಾವ ಕುಮಟೆಗೆ ಹೋದ ಒಂದು ಗುರುವಾರ ಅರ್ಧ ದಿನ ರಜೆ ಹಾಕಿ, ಭಟ್ಕಳದ ಗುಜರಿ ಉಮೇಶನನ್ನು ಟೆಂಪೋ ಸಮೇತ ಕರೆಸಿದೆ. ಜಗುಲಿ, ಅರ್ಧ ಹಾಲ್ ಖಾಲಿ ಮಾಡಿಸಿದೆ. "ಇಷ್ಟು ಒಪ್ಪವಾಗಿ ಕಟ್ಟಿಟ್ಟ ಗುಜರಿ ನಾ ನೋಡಲೇ ಇಲ್ಲ ಸಾಹೇಬ್ರೆ," ಎಂದು ಉಮೇಶ ಕೈ ಮುಗಿದು ಹೋದ. ನಾನು ಗೆದ್ದೆನೆಂದು ಸ್ವೀಟ್ ತೆಗೆದುಕೊಂಡು ಮನೆಗೆ ಹೋದೆ.

ಭಾವ ಬಂದು ನೋಡಿ ಕೂಗಾಡಲಿಲ್ಲವಂತೆ. ಖಾಲಿಯಾದ ಜಾಗದ ನಡುವೆ ಕೂತರಂತೆ. ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ಭಟ್ಕಳಕ್ಕೆ ಹೋಗಿ, ಉಮೇಶನ ಟೆಂಪೋದಲ್ಲೇ ಎಲ್ಲವನ್ನೂ ವಾಪಸ್ ತಂದರು. ಉಮೇಶ ಒಳ್ಳೆಯ ಮನುಷ್ಯ. ಒಂದು ಮುರಿದ ತಕ್ಕಡಿಯನ್ನು ಮೇಲಿಂದ ಹಾಗೇ ಕೊಟ್ಟಿದ್ದ. ಇಳಿಸಲು ಜನ ಬೇಕಿತ್ತು. ನಾನೇ ಹೋದೆ.

"ವಿಶು, ನೀ ಕೇಳಿದ್ರೆ ಕೊಡ್ತಿದ್ದೆ," ಅಂದರು ಭಾವ.

"ಹೌದಾ? ಕೊಡ್ತಿದ್ರಾ?"

ಭಾವ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. ಸುಳ್ಳು ಹೇಳುವ ಮನುಷ್ಯ ಅಲ್ಲ. "ಇಲ್ಲ. ಆದ್ರೂ ಕೇಳಬೇಕಿತ್ತು."

ಸುಪ್ರಿಯಾಗೆ ಈ ಸುದ್ದಿ ತಿಳಿದು ನನ್ನ ಮೇಲೆ ಹಾರಿದಳು. "ಮಾವ, ಬರೆಯೋರಿಗೆ ತಲೆ ಇರ್ತದೆ ಅಂತ ಮಾಡಿದ್ದೆ!" ನಾನು ಆಗೀಗ ದೀಪಾವಳಿ ಸಂಚಿಕೆಗಳಿಗೆ ಹಾಸ್ಯ ಬರೆಯುವವನು, ಅದಕ್ಕೆ ಆ ಮಾತು. ಅವಳು ಕುಮಟೆಯ ಮನೋವೈದ್ಯೆ ಡಾಕ್ಟರ್ ಸಂಪದಾ ಅವರಲ್ಲಿ ಸಮಯ ಕೇಳಿ ಇಟ್ಟಿದ್ದಳು. ಭಾವ, "ನನಗೆ ಎಂತ ಆಗಿದೆ?" ಎಂದು ಬರಲಿಲ್ಲ. ಹಾಗಾಗಿ ರೋಗಿಯ ಬದಲಿಗೆ ನಾನು ಹೋದೆ.

ಚಿಕ್ಕ ವಯಸ್ಸಿನ ಡಾಕ್ಟರು. ಎಲ್ಲ ಕೇಳಿ, "ಇದು ಜಿಪುಣತನ ಅಲ್ಲ, ಸೋಮಾರಿತನವೂ ಅಲ್ಲ," ಅಂದರು. "ಕೂಡಿಟ್ಟುಕೊಳ್ಳೋದು ಒಂದು ಕಾಯಿಲೆ ಆಗಿಬಿಡುತ್ತೆ. ನಮಗೆ ಅದು ಕಸ. ಅವರಿಗೆ ಅದನ್ನು ಬಿಡೋದು ಅಂದರೆ ಕೈ ಕತ್ತರಿಸಿದಷ್ಟು ನೋವು. 'ಇಡಬೇಕೋ ಬಿಡಬೇಕೋ' ಅಂತ ನಿರ್ಧಾರ ಮಾಡೋದೇ ಅವರಿಗೆ ಆಗೋದಿಲ್ಲ. ಅವರಿಗೆ ಗೊತ್ತಿಲ್ಲದ ಹಾಗೆ ತೆಗೆದು ಎಸೆದರೆ ಇನ್ನೂ ಗಟ್ಟಿ ಹಿಡ್ಕೋತಾರೆ."

"ಎಸೆದಾಗಿದೆ," ಅಂದೆ. "ವಾಪಸ್ಸೂ ಬಂದಿದೆ."

"ಮನೆ ಪೂರ್ತಿ ಖಾಲಿ ಮಾಡುವ ಆಸೆ ಬಿಡಿ. ಮೊದಲು ಬಿದ್ದು ಪೆಟ್ಟಾಗದ ಹಾಗೆ ಓಡಾಡಲು ದಾರಿ. ಅಷ್ಟೇ ಗುರಿ ಇಟ್ಟುಕೊಳ್ಳಿ. ತೆಗೆಯೋದು ಅವರ ಕೈಯಲ್ಲೇ ಆಗಬೇಕು. ನಿಧಾನಕ್ಕೆ ಅವರನ್ನೂ ಇಲ್ಲಿಗೆ ಕರ್ಕೊಂಡು ಬನ್ನಿ." ಆಮೇಲೆ ಪೆನ್ನು ಕೆಳಗಿಟ್ಟು, "ನಿಮ್ಮ ಮನೆಯಲ್ಲಿ ಇಂಥದ್ದು ಏನೂ ಇಲ್ಲ ಅಲ್ವಾ?" ಅಂದರು.

"ಇಲ್ಲ," ಅಂದೆ. ನನ್ನ ಮೊದಲ ಲೇಖನ ಬಂದ ಸಂಚಿಕೆಯ ಮೂವತ್ತೊಂದು ಪ್ರತಿಗಳು ನಮ್ಮ ಮಂಚದ ಅಡಿಯಲ್ಲಿವೆ. ಅದು ಸಾಹಿತ್ಯ; ಅದನ್ನು ಯಾಕೆ ಹೇಳುವುದು?

ಮುಂದಿನ ಭಾನುವಾರ ಡಾಕ್ಟರ ಮಾತಿನಂತೆ ಭಾವನನ್ನೇ ಮುಂದೆ ಕೂರಿಸಿಕೊಂಡು ಮೂರು ರಾಶಿ ಮಾಡಿದೆವು: ಇಡುವುದು, ಕೊಡುವುದು, ಬಿಸಾಡುವುದು. ಭಾವ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಅದರ ಜಾತಕ ಹೇಳಿ ಇಡುತ್ತಿದ್ದರು. ಬೆವರುತ್ತಿದ್ದರು. ನಾಲ್ಕು ಗಂಟೆಯ ಮೇಲೆ ಬಿಸಾಡುವ ರಾಶಿಯಲ್ಲಿ ಒಂದೇ ವಸ್ತು ಇತ್ತು: ಒಂದು ಪೆನ್ನಿನ ಮುಚ್ಚಳ. ಅದೂ ನನ್ನದು, ಆಗಷ್ಟೇ ಬಿದ್ದದ್ದು. ಕೊಡುವ ರಾಶಿಯಲ್ಲಿ ಹನ್ನೆರಡು ಬಿಸ್ಕತ್ತಿನ ಡಬ್ಬ ಇದ್ದವು. ಯಾರಿಗೆ ಕೊಡುವುದು ಅಂದರೆ, "ನಿನಗೆ," ಅಂದರು. ಬಿಸ್ಕತ್ತಿನ ಡಬ್ಬಗಳೊಂದಿಗೆ ಮನೆಗೆ ಬಂದ ನನ್ನನ್ನು ಅಮಿತಾ ಗೇಟಿನ ಹೊರಗೇ ನಿಲ್ಲಿಸಿ, "ನಿಮ್ಮ ಭಾವನಿಗೆ ಬಂದದ್ದು ಅಂಟುರೋಗ ಹೌದೋ ಅಲ್ಲವೋ ಡಾಕ್ಟರಲ್ಲಿ ಕೇಳಿದ್ರಾ?" ಅಂದಳು.

ಶ್ರಾವಣ ಬಂತು. ಅಕ್ಕ ಅಲ್ಲೇ ತುಳಸಿ ಗಿಡ ನೆಟ್ಟಳು ಎಂದು ಸುಪ್ರಿಯಾ ಹೇಳಿದಾಗ ನನಗೆ ನಿಜವಾಗಿ ಭಯವಾಯಿತು. ತುಳಸಿ ನೆಟ್ಟ ಹೆಂಗಸು ಅಲ್ಲಿಂದ ಸುಲಭಕ್ಕೆ ಏಳುವುದಿಲ್ಲ.

ಆ ಶನಿವಾರ ಸುಪ್ರಿಯಾ ವಾಕರ್ ಹಿಡಿದುಕೊಂಡು ಮಂಕಿಗೆ ಬಂದಳು. ಅಪ್ಪನಿಗೆ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕೆಂಬುದು ಅವಳ ಹಟ. ವಾಕರನ್ನು ಬಾಗಿಲಲ್ಲಿಟ್ಟು ದೂಡಿದಳು. ಎರಡು ಹೆಜ್ಜೆಗೆ ಪಂಕ್ಚರ್ ಬೋರ್ಡಿಗೆ ಬಡಿದು ನಿಂತಿತು. ಭಾವ ಅದನ್ನು ಹಿಡಿದು ಅಡ್ಡ ತಿರುಗಿಸಿದರು, ಎತ್ತಿ ದಾಟಿಸಲು ನೋಡಿದರು, ಆಗಲಿಲ್ಲ. ಕೈ ಅದರ ಮೇಲೇ ಇಟ್ಟು ನಿಂತುಬಿಟ್ಟರು.

"ಯಾವುದನ್ನ ತೆಗೀಲಿ ಹೇಳು ವಿಶು," ಅಂದರು. ದನಿ ಸಣ್ಣದಾಗಿತ್ತು. "ಕೈ ಹಾಕಿದ್ರೆ ಎಲ್ಲಾನೂ ಬೇಕು ಅಂತದೆ. ನಾ ಎಂತ ಮಾಡ್ಲಿ?"

ಸುಪ್ರಿಯಾ ಸುಮ್ಮನೆ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅಪ್ಪ ಹೇಳಿದ್ದನ್ನು ಹೇಳಿದಳು. ಆ ಕಡೆಯಿಂದ ಅಕ್ಕನ ಸ್ವರ ಬಂತು.

"ಕೇಳ್ತದಾ? ನೀವು ವಸ್ತು ನೋಡಬೇಡಿ. ಲೈನ್ ನೋಡಿ."

"ಯಾವ ಲೈನು?"

"ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ. ಎರಡೂವರೆ ಅಡಿ ಬಿಡುವು ಬೇಕು. ಎಂತ ತಾಗ್ತದೆ ಅಷ್ಟು ಕಡೀರಿ. ತಾಗದೆ ಇದ್ದದ್ದು ಇರಲಿ, ನಾ ಕೇಳೂದಿಲ್ಲ."

ಭಾವ ಫೋನನ್ನೇ ನೋಡಿದರು.

"ನನ್ನ ಅಬ್ಬೆಯ ಮಾವಿನ ಮರ ಕಡೀಲಿಲ್ವಾ? ಕಾಯಿ ಇತ್ತು ಅದ್ರಲ್ಲಿ. ಆಗ ಬೇಕೋ ಬೇಡವೋ ಕೇಳಿದ್ರಾ? ಎಲ್‌ಸಿ ಕೊಟ್ಟೆ ನಾನು. ತಕಳ್ಳಿ."

ಭಾವ ವಾಕರಿನಿಂದ ಕೈ ತೆಗೆದರು. ಆಮೇಲೆ ಬಾಯಿ ತುಂಬ, ಮೂವತ್ನಾಲ್ಕು ವರ್ಷ ಸ್ಟೇಷನ್ನಿಗೆ ಹೇಳುತ್ತಿದ್ದ ಅದೇ ಸ್ವರದಲ್ಲಿ, "ಎಲ್‌ಸಿ ತಕಂಡೆ," ಅಂದು ಒಳಗೆ ನುಗ್ಗಿದರು. ಬರುವಾಗ ಸೊಂಟದಲ್ಲಿ ಹಳೇ ಬೆಲ್ಟು, ಕೈಯಲ್ಲಿ ಎರಡು ಸುತಲಿ ದಾರದ ಉಂಡೆ ಮತ್ತು ಒಂದು ಬಿದಿರು ಕೋಲು. ಕೋಲಿಗೆ ಎರಡೂವರೆ ಅಡಿಗೆ ಗೆರೆ ಕೊರೆದರು. ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ ಸುತಲಿ ಎಳೆದು ಕಟ್ಟಿದರು. ಆಮೇಲೆ ಕೋಲು ಅಡ್ಡ ಹಿಡಿದು ಹೊರಟರು.

"ತಾಗ್ತದೆ. ತೆಗಿ."

ಪಂಕ್ಚರ್ ಬೋರ್ಡು ಹೋಯಿತು.

"ತಾಗ್ತದೆ. ತೆಗಿ."

ಮಿಕ್ಸರುಗಳು ಹೋದವು. ಹಿಂದಿನ ಭಾನುವಾರ ಒಂದು ಬಲ್ಬಿಗೆ ಅರ್ಧ ಗಂಟೆ ಬೆವರಿದ್ದ ಮನುಷ್ಯ ಈಗ ವಸ್ತುವಿನ ಮುಖ ನೋಡದೆ ಕೋಲು ನೋಡುತ್ತಿದ್ದರು. ನಾನೂ ಸುಪ್ರಿಯಾಳೂ ಹೊತ್ತು ಹೊತ್ತು ಅಂಗಳಕ್ಕೆ ಹಾಕಿದೆವು. ನನ್ನ ಸೊಂಟ ಹಿಡಿಯಿತು, ಯಾರೂ ಕೇಳಲಿಲ್ಲ. ಕಿಟಕಿ ಚೌಕಟ್ಟುಗಳಲ್ಲಿ ಹದಿನಾಲ್ಕು ತಾಗಿದವು, ಎಂಟು ತಾಗಲಿಲ್ಲ. ಎಂಟು ಅಲ್ಲೇ ಉಳಿದವು. ಚಪ್ಪಲಿಗಳು ಒಂದೂ ತಾಗಲಿಲ್ಲ, ಮೂಲೆಯಲ್ಲಿ ಹಾಯಾಗಿದ್ದವು. ನಾನು ಕಾಲಿನಿಂದ ಸ್ವಲ್ಪ ಈಚೆ ದೂಡಲು ಹೋದೆ. "ಏಯ್," ಅಂದರು ಭಾವ. "ಮರವನ್ನ ಲೈನಿಗೆ ಎಳಕಂಡು ಬಂದು ಕಡೀತ್ರೇನಾ?"

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಮತ್ತೆ ಇದೆಲ್ಲ ಒಳಗೆ ಹೋದರೆ? ಮೆಲ್ಲಗೆ, "ಇದನ್ನೆಲ್ಲ ಎಂತ ಮಾಡೂದು ಭಾವ?" ಎಂದು ಕೇಳಿದೆ.

ಭಾವ ಅಂಗಳಕ್ಕೆ ಬೆನ್ನು ಮಾಡಿಯೇ ನಿಂತಿದ್ದರು. "ಲೈನು ಇಲಾಖೆದು," ಅಂದರು. "ಕಡಿದದ್ದು ಮನೆಯವರದ್ದು. ಮನೆಯವಳಲ್ಲಿ ಕೇಳು."

ಮನೆಯವಳಲ್ಲಿ ಕೇಳಿದೆ. ಮನೆಯವಳು ಫೋನಿನಲ್ಲಿ, "ಉಮೇಶನಿಗೆ ಕೊಡಿ," ಅಂದಳು. "ಭಟ್ಕಳದಲ್ಲಿ ಇಟ್ಟುಕೊಳ್ಳೂದು ಬೇಡ ಹೇಳು, ಮುಂದೆ ಕಳಿಸಲಿ." ಉಮೇಶ ಬಂದು ತುಂಬಿಸಿಕೊಂಡು ಹೋಗುವ ತನಕ ಭಾವ ಒಳಗೆ ಸುತಲಿಯ ಗಂಟು ಬಿಗಿ ಮಾಡುತ್ತಿದ್ದರು. ಟೆಂಪೋ ಸ್ಟಾರ್ಟ್ ಆದಾಗ ಅವರ ಕೈ ಒಮ್ಮೆ ನಿಂತದ್ದು ನಾನು ನೋಡಿದೆ. ಆಮೇಲೆ ಮತ್ತೆ ಗಂಟು ಕಟ್ಟಿದರು.

ಕೊನೆಗೆ ಬಚ್ಚಲ ಬಾಗಿಲ ಬಳಿ ಒಂದು ಉಳಿಯಿತು: ಆ ಮದುವೆಯ ಮರದ ಮೀಟರ್ ಪೆಟ್ಟಿಗೆ. ಕೋಲಿಗೆ ಎರಡು ಇಂಚು ತಾಗುತ್ತಿತ್ತು. ಭಾವ ಅಳೆದರು. ಸುತಲಿ ಸರಿ ಮಾಡಿ ಮತ್ತೆ ಅಳೆದರು. ಮೂರನೇ ಸಲವೂ ಎರಡೇ ಇಂಚು.

ನಾನೇ ರಾಜಿಗೆ ಇಳಿದೆ. "ಎರಡು ಇಂಚು ಅಲ್ವಾ ಭಾವ, ಇರಲಿ ಬಿಡಿ. ಅಕ್ಕ ಸ್ವಲ್ಪ ಓರೆ ಮಾಡಿಕೊಂಡು ಹೋಗ್ತಾಳೆ."

ಭಾವ ನನ್ನನ್ನು ನೋಡಿದ ನೋಟ ಕೆಲಸ ಬಾರದ ಹೊಸ ಲೈನ್‌ಮನ್ನನ್ನು ನೋಡುವ ಹಾಗಿತ್ತು. "ಎರಡು ಇಂಚಿನ ಕೊಂಬೆಯೇ ಮಾರಾಯ, ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲೆ ಮಾಡೂದು." ಪೆಟ್ಟಿಗೆಯನ್ನು ತಾವೇ ಎತ್ತಿದರು. ಎದೆಗೆ ಹಿಡಿದು ಬಾಗಿಲ ತನಕ ಬಂದು, ಅಂಗಳಕ್ಕೆ ಇಳಿಯದೆ, ನನ್ನ ಕೈಯಲ್ಲಿಟ್ಟರು. "ಇದು ನಿನ್ನ ಮನೆಯಲ್ಲಿರಲಿ. ಬೇಕಾಗ್ತದೆ."

ಕಾಯಿಲೆ ಒಂದೇ ದಿನಕ್ಕೆ ಹೋಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನಾನು ಇಸಿದುಕೊಂಡೆ.

ಸುಪ್ರಿಯಾ ವಾಕರನ್ನು ಬಾಗಿಲಲ್ಲಿಟ್ಟು ದೂಡಿದಳು. ಟಕ್, ಟಕ್, ಟಕ್. ಮಂಚದ ಹತ್ತಿರ ತಿರುಗಿತು. ಬಚ್ಚಲಿಗೆ ಹೋಯಿತು. ಎಲ್ಲಿಯೂ ತಾಗಲಿಲ್ಲ. ದಾರಿಯುದ್ದಕ್ಕೂ ಕೆಂಪು ನೆಲ ಕಾಣುತ್ತಿತ್ತು. ಹತ್ತು ವರ್ಷ ಯಾರೂ ತುಳಿಯದೆ ಹೊಸದರ ಹಾಗೇ ಇತ್ತು. ಇಕ್ಕೆಲಗಳಲ್ಲಿ ಉಳಿದ ರಾಶಿಗಳು ಮೆರವಣಿಗೆ ನೋಡಲು ಬಂದ ಜನರ ಹಾಗೆ ನಿಂತಿದ್ದವು.

ಭಾವ ಬೆಲ್ಟು ಬಿಚ್ಚಿ ಮೊಳೆಗೆ ಹಾಕಿದರು. ಕೈ ತೊಳೆದರು. ತಾವೇ ಫೋನ್ ತೆಗೆದುಕೊಂಡು ನಂಬರ್ ಒತ್ತಿದರು.

"ಎಲ್‌ಸಿ ವಾಪಸ್ ಕೊಟ್ಟೆ," ಅಂದರು.

ಆ ಕಡೆಯಿಂದ ಅಕ್ಕ ಎಂತ ಹೇಳಿದಳೋ ನಮಗೆ ಕೇಳಿಸಲಿಲ್ಲ, ಸ್ಪೀಕರ್ ಇರಲಿಲ್ಲ. ಭಾವ "ಹ್ಞೂಂ," ಅಂದರು. ಇನ್ನೊಮ್ಮೆ "ಹ್ಞೂಂ," ಅಂದರು. ಆಮೇಲೆ ಅಡುಗೆಮನೆಗೆ ಹೋಗಿ, ನಾನು ಹಿಂದೆಂದೂ ನೋಡದ ಕೆಲಸ ಮಾಡಿದರು: ಅನ್ನಕ್ಕೆ ಇಟ್ಟರು.

ಅಕ್ಕ ಮರುದಿನ ಬಂದಳು. ಅವಳು ವಾಕರ್ ಹಿಡಿದು ಮುಂದೆ ಬರುತ್ತಿದ್ದರೆ ಭಾವ ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಎಡಬಲ ನೋಡುತ್ತ, ತಂತಿಯ ಅಡಿಯಲ್ಲಿ ನಡೆಯುವ ಹಾಗೆ ಅವಳ ಮುಂದೆ ನಡೆದರು. ನಡುದಾರಿಯಲ್ಲಿ ಅಕ್ಕ ನಿಂತು ಒಂದು ರಾಶಿಯ ಕಡೆ ಕೈ ತೋರಿಸಿದಳು. "ಅದು ನನ್ನ ಮದುವೆಯ ತಂಬಿಗೆ! ಹನ್ನೊಂದು ವರ್ಷ ಆತು, ಕೆಲಸಕ್ಕೆ ಬರೋಳ ಮೇಲೆ ಸಂಶಯ ಮಾಡಿದ್ದೆ." ಭಾವ ಕೂಡಲೇ, "ಕಂಡ್ಯಾ? ನಾ ಇಟ್ಟುಕೊಂಡಿದ್ದಕ್ಕೆ ಉಳೀತು," ಅಂದರು. ಅಕ್ಕ ವಾಕರಿನ ಒಂದು ಕಾಲು ಎತ್ತಿದಳು. ಹೊಡೆಯಲು ಅಂತ ನಾನು ತಿಳಿದೆ. ಅಲ್ಲ, ಮುಂದಿನ ಹೆಜ್ಜೆಗೆ.

ಸುತಲಿ ಈಗಲೂ ಇದೆ. ಪ್ರತಿ ಭಾನುವಾರ ಭಾವ ಕೋಲು ಹಿಡಿದು ತಪಾಸಣೆ ಮಾಡುತ್ತಾರೆ; ವಾರದಲ್ಲಿ ಏನಾದರೂ ಹೊಸ 'ಕೊಂಬೆ' ಚಾಚಿಕೊಂಡಿದ್ದರೆ, ಚಾಚಿಕೊಂಡಿರುತ್ತದೆ, ಕಡಿಯುತ್ತಾರೆ. ಅಕ್ಕ ತಿಂಗಳಿಗೊಂದು ಹೊಸ ಲೈನಿಗೆ ಎಲ್‌ಸಿ ಕೊಡುತ್ತಾಳೆ: ಅಡುಗೆಮನೆಯಿಂದ ಹಿಂಬಾಗಿಲಿಗೆ, ಕಿಟಕಿಯಿಂದ ಕಿಟಕಿಗೆ. ಹೋದ ತಿಂಗಳು ಮೀಟರಿನದು ಆಯಿತು; ಸರಿಯಾದ ಬಿಲ್ಲು ಬಂತು. ಭಾವ ಎರಡು ಸಲ ಡಾಕ್ಟರ್ ಸಂಪದಾ ಅವರಲ್ಲಿಗೂ ಹೋಗಿ ಬಂದಿದ್ದಾರೆ. ಎರಡನೇ ಸಲ ಅವರ ಕಸದ ಬುಟ್ಟಿ ನೋಡಿ ಏನೋ ಕೇಳಿದರಂತೆ, ಡಾಕ್ಟರ್ ಕೊಡಲಿಲ್ಲವಂತೆ.

ಮೂರು ತಿಂಗಳಾಗಿ ಅಕ್ಕ ವಾಕರ್ ಬಿಟ್ಟಳು. ಅದನ್ನು ಒಯ್ಯಲು ಸುಪ್ರಿಯಾ ಬಂದಾಗ ಭಾವ, "ಇರಲಿ, ಬೇಕಾಗ್ತದೆ," ಅಂದರು. "ಲೈನಿಗೆ ತಾಗ್ತದೆ," ಅಂದಳು ಅಕ್ಕ. ಕಾರಿನಲ್ಲಿ ಜಾಗ ಇಲ್ಲವೆಂದು ಸುಪ್ರಿಯಾ ಹೋಗುವ ದಾರಿಯಲ್ಲಿ ಅದನ್ನು ಹೊನ್ನಾವರದಲ್ಲಿ ಇಳಿಸಿ ಹೋದಳು. ಹಾಗಾಗಿ ಈಗ ನಮ್ಮ ಮನೆಯಲ್ಲಿ ಒಂದು ವಾಕರ್, ಹನ್ನೆರಡು ಬಿಸ್ಕತ್ತಿನ ಡಬ್ಬ, ಒಂದು ಮರದ ಮೀಟರ್ ಪೆಟ್ಟಿಗೆ, ಮತ್ತೆ ಮಂಚದ ಅಡಿಯಲ್ಲಿ ಮೂವತ್ತೊಂದು ಪ್ರತಿ ಸಾಹಿತ್ಯ.

ಮೊನ್ನೆ ಸೊಸೈಟಿಯಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ನಮ್ಮ ಹಾಲಿನಲ್ಲಿ, ಬಾಗಿಲಿಂದ ಮಂಚದ ತನಕ, ಬಿಗಿಯಾಗಿ ಒಂದು ಸುತಲಿ ಕಟ್ಟಿತ್ತು. ಅಮಿತಾ ಅಡುಗೆಮನೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು.